ಉಪ್ಪನೀರಿನ ಮೀನಿನ ತೊಟ್ಟಿ: ಸಾಮಾನಿನ ಯಾದಿ ಹಿಂದಿನ ಕತಿ

ಈ ಸರ್ತೆ ಅಡಗಿ ಮನಿ ಬಿಟ್ಟು ಪಡಸಾಲಿಗೆ ಬಂದೀನಿ. ನಮ್ಮ ಬಳಗದಾಗ ಇಬ್ಬರು ಮೂವರ ಮನ್ಯಾಗ ಹುಡುಗರು ಉಪ್ಪನೀರಿನ ಮೀನು ಬೇಕಂತ ಹಟಾ ಹಿಡದಾರ. ಸಿನೇಮಾದಾಗ ನೋಡಿದ ಆ ಕೇಸರಿ-ಬಿಳಿ ಪಟ್ಟಿ ಮೀನು ಬೇಕಂತ ಅವರಿಗೆ. ಅಂಗಡಿಯವರು ಬರದುಕೊಟ್ಟ ಸಾಮಾನಿನ ಯಾದಿ ನನಗ ಕಳಿಸಿ, "ಇದರಾಗ ಯಾವುದು ಬೇಕು, ಯಾವುದು ಬ್ಯಾಡ, ನೋಡಿ ಹೇಳು" ಅಂತ ಕೇಳ್ಯಾರ. ಯಾದಿ ಉದ್ದನೇ ಅದ: ಗಾಜಿನ ತೊಟ್ಟಿ, ಕೆಳಗಿನ ಟಾಕಿ, ಪಂಪು, ಅಲಿ ಎಬ್ಬಸೋ ಮಷೀನು, ನೊರಿ ತಗಿಯೋ ಸ್ಕಿಮ್ಮರ್, ಸಮುದ್ರದ ಉಪ್ಪು, ಉಪ್ಪು ಅಳಿಯೋ ಉಪಕರಣ, ಆರ್.ಓ. ನೀರು, ಹೀಟರ್, ಕಲ್ಲು, ದೀಪ.

ಯಾದಿ ನೋಡಿದ್ರ ಎಲ್ಲಾ ಬೇಕೂ ಅನಸ್ತದ, ಯಾವುದೂ ಬ್ಯಾಡಾನೂ ಅನಸ್ತದ. ಆದ್ರ ಒಂದೊಂದು ಸಾಮಾನು ಯಾವಾಗ, ಯಾವ ತೊಂದ್ರಿ ಸಲುವಾಗಿ ಬಂತು ಅಂತ ತಿಳಕೊಂಡ್ರ ಅದರ ಕೆಲಸ ಏನಂತ ತಾನ ಗೊತ್ತಾಗತದ. ಈ ಯಾದ್ಯಾಗಿನ ಭಾಳಷ್ಟು ಸಾಮಾನು ಒಂದು ಕಾಲಕ್ಕ ಯಾರದೋ ಕೈಕೆಲಸ ಆಗಿತ್ತು. ಆ ಕೈಗಳೊಳಗ ಮೊದಲಿನವು ಹೆಣ್ಮಕ್ಕಳವು. ಅದಕ್ಕ ಈ ಕತಿ ನಿಮಗ ಹೇಳಬೇಕನಿಸ್ತು.

ಮೊದಲನೇ ಆಕಿ ಝಾನ್ ವಿಲ್‌ಪ್ರೊ. 1794ರಾಗ ಫ್ರಾನ್ಸಿನ ಝುಯಾಕ್ ಅನ್ನೋ ಹಳ್ಳ್ಯಾಗ ಹುಟ್ಟಿದಾಕಿ. ಅಪ್ಪ ಚಪ್ಪಲಿ-ಬೂಟು ಹೊಲಿಯಾಂವ. ಹದಿನೆಂಟು ವರ್ಷದ ಸುಮಾರಿಗೆ ಪ್ಯಾರಿಸ್‌ಗೆ ಹೋಗಿ ಹೊಲಿಗಿ ಕೆಲಸಕ್ಕ ಸೇರಿದ್ಲು. ಕಸೂತಿ ಎಷ್ಟು ಛಂದ ಹಾಕ್ತಿದ್ಲಂದ್ರ, 1816ರಾಗ ಫ್ರಾನ್ಸಿನ ರಾಜಮನೆತನಕ್ಕ ಸೊಸಿಯಾಗಿ ಬಂದ ಮಾರಿಯಾ ಕರೊಲೀನಾಳ ಮದವಿ ಬಟ್ಟಿಗೆ ಈಕಿದೇ ಕೈ ಬಿತ್ತು. ಮುಂದ 1818ರಾಗ ಜೇಮ್ಸ್ ಪವರ್ ಅನ್ನೋ ವ್ಯಾಪಾರಸ್ತನ್ನ ಮದವಿ ಆಗಿ ಸಿಸಿಲಿ ದ್ವೀಪದ ಮೆಸ್ಸೀನಾಕ್ಕ ಹೋದ್ಲು. ಊರು ಸಮುದ್ರದ ದಂಡಿಗೇ ಇತ್ತು. ಅಲ್ಲಿ ಆಕಿ ಸೂಜಿ ಬದಿಗಿಟ್ಟು ಚಿಪ್ಪು, ಮೀನು, ಕಡಲಪ್ರಾಣಿ ನೋಡಲಿಕ್ಕೆ ಸುರು ಮಾಡಿದ್ಲು. ಕಾಲೇಜು ಗೀಲೇಜು ಏನೂ ಇಲ್ಲ, ತಾನ ಓದಿ ತಾನ ಕಲತಾಕಿ.

ಅರ್ಗೊನಾಟ್ ಅಂತ ಒಂದು ಪ್ರಾಣಿ ಅದ, ಎಂಟು ಕೈಯಿನ ಆಕ್ಟೋಪಸ್ ಜಾತಿದು. ಅದರಾಗ ಹೆಣ್ಣು ಮಾತ್ರ ಕಾಗದದಂಥ ತೆಳು ಚಿಪ್ಪಿನೊಳಗ ಕೂಡತದ. ಆ ಚಿಪ್ಪು ತಾನ ಕಟ್ಟತದೋ, ಬ್ಯಾರೆ ಪ್ರಾಣಿದು ಕಸಕೊಂಡು ಕೂಡತದೋ ಅಂತ ಪಂಡಿತರೊಳಗ ಭಾಳ ವರ್ಷದಿಂದ ವಾದ ಇತ್ತು. ಸತ್ತ ಪ್ರಾಣಿ ಕೊಯ್ದು ನೋಡಿದ್ರ ಇದಕ್ಕ ಉತ್ತರ ಸಿಗೂದಿಲ್ಲ, ಜೀವಂತ ಸಾಕೇ ನೋಡಬೇಕು. ಅದಕ್ಕ ಝಾನ್ 1832ರ ಸುಮಾರಿಗೆ ಮೂರು ಥರದ ತೊಟ್ಟಿ ಮಾಡಿಸಿದ್ಲು. ಒಂದು ಮನಿಯೊಳಗ ಇಡೋ ಗಾಜಿನದು. ಇನ್ನೊಂದು, ಸುತ್ತ ಚೌಕಟ್ಟು ಹಾಕಿ ದಂಡಿಯ ತೆಳು ನೀರಾಗ ಇಳಿಬಿಡೋ ಗಾಜಿನದು. ಮೂರನೇದು ಆಳದಾಗ ಲಂಗರು ಹಾಕಿ ನಿಲ್ಲಸೋ ಪಂಜರ. ಅರ್ಗೊನಾಟಿನ ಮರಿಗೆ ಹುಟ್ಟಿದಾಗ ಚಿಪ್ಪಿರೂದಿಲ್ಲ, ಮುಂದ ತಾನ ಕಟ್ಟಿಕೊಳ್ಳತದ, ಒಡದ ಜಾಗಾ ತಾನ ತೇಪಿ ಹಚ್ಚಿಕೊಳ್ಳತದ ಅಂತ ಕಣ್ಣಾರೆ ಕಂಡು ಬರದಿಟ್ಲು. 1839ರಾಗ ಆ ವಿವರ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದ ಬಂತು, ಹೇಳಿದವರು ರಿಚರ್ಡ್ ಓವನ್. ಆಕಿ ಕೂಡಿಸಿದ ಚಿಪ್ಪು, ಚಿತ್ರ, ಕಾಗದಪತ್ರದೊಳಗ ಭಾಳಷ್ಟು ಹಡಗಿನ ಜೋಡಿ ಮುಳುಗಿ ಹೋದವು. ಈಗ ಶುಕ್ರ ಗ್ರಹದ ಮ್ಯಾಲಿನ ಒಂದು ಕುಳಿಗೆ ಆಕಿ ಹೆಸರು ಇಟ್ಟಾರ.

ಆಕಿ ಮೊದಲು ತೊಟ್ಟಿ ಕೊಂಡು ಆಮ್ಯಾಲ ಏನ ಬಿಡಲಿ ಅಂತ ವಿಚಾರ ಮಾಡಲಿಲ್ಲ. ಮೊದಲು ಪ್ರಾಣಿ, ಅದಕ್ಕ ಏನು ಬೇಕು ಅನ್ನೋದು, ಆಮ್ಯಾಲ ಭಾಂಡಿ. ನಾವು ಉಲ್ಟಾ ಮಾಡ್ತೀವಿ. ಅಂಗಡ್ಯಾಗ ಛಂದ ಕಂಡದ್ದು ತಂದು, ಅದರೊಳಗ ಎಂಟು ಥರದ ಮೀನು ತುರಕತೀವಿ. ಹುಡುಗರಿಗೆ ಪಟ್ಟಿ ಮೀನೇ ಬೇಕಂದ್ರ, ಎರಡು ಮೀನಿಗೆ ಸಾಲೋ ತೊಟ್ಟಿ ಸಾಕು. ಯಾದಿ ಅಲ್ಲಿಂದ ಸುರು ಆಗಬೇಕು.

ಆದ್ರ ಝಾನ್‌ಗೆ ಒಂದು ಅನುಕೂಲ ಇತ್ತು, ನಮಗಿಲ್ಲ. ನೀರು ಕೆಟ್ರ ಸಮುದ್ರ ಬಾಗಲಾಗೇ ಇತ್ತು. ನಾವು ಧಾರವಾಡದವರು. ಕಾರವಾರಕ್ಕ ಹೋಗಬೇಕಂದ್ರ ಘಟ್ಟಾ ಇಳೀಬೇಕು, ಮೂರು-ನಾಕು ತಾಸು ದಾರಿ. ಸಮುದ್ರ ಇಲ್ಲದ ಊರಾಗ ಸಮುದ್ರದ ಜೀವ ಹೆಂಗ ಉಳಿಸೂದು? ಅದಕ್ಕ ಉತ್ತರಾ ಹುಡುಕಿದಾಕಿ ಎರಡನೇ ಹೆಣ್ಮಗಳು, ಆನಾ ಥಿನ್.

ಆನಾ 1806ರಾಗ ಹುಟ್ಟಿದಾಕಿ. ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಇಗರ್ಜಿಯೊಳಗ ದೊಡ್ಡ ಪಾದ್ರಿ, ಮನ್ಯಾಗ ಮಕ್ಕಳು ಮರಿ. 1846ರಾಗ ಟಾರ್ಕೀ ಅನ್ನೋ ಸಮುದ್ರದ ಊರಿಗೆ ಹೋದಾಗ ಮ್ಯಾಡ್ರಿಪೋರ್ ಅಂತ ಒಂದು ಜಾತಿ ಹವಳದ ಜೀವ ಕಂಡು ಮನಸೋತು, ಲಂಡನ್ನಿಗೆ ಒಯ್ಯಬೇಕಂತ ನಿರ್ಧಾರ ಮಾಡಿದ್ಲು. ದಾರ್ಯಾಗ ಅಲುಗ್ಯಾಡಿ ಬಡದಾಡಬಾರದಂತ, ಸೂಜಿ-ದಾರ ತಗೊಂಡು ಅವನ್ನ ಒಂದು ದೊಡ್ಡ ಸ್ಪಂಜಿಗೆ ಹೊಲದು, ನೀರು ತುಂಬಿದ ಜಾಡಿಯೊಳಗ ಇಟ್ಟು ಒಯ್ದ್ಲು. ಗುಂಡಿ ಹಚ್ಚಿದಂಗ!

ಲಂಡನ್ನಿಗೆ ಬಂದಮ್ಯಾಲ ಗಾಜಿನ ಬೋಗುಣಿಯೊಳಗ ಇಟ್ಲು. ಸಮುದ್ರದ ನೀರು ದೂರದಿಂದ ತರಸಬೇಕು, ದಿನಾ ಹೊಸಾದು ಎಲ್ಲಿಂದ ಬರಬೇಕು? ಇದ್ದ ನೀರನ್ನ ಮತ್ತ ಮತ್ತ ಬಳಸಬೇಕಾತು. ಪ್ರಾಣಿ ಉಸರಾಡಿ ಸಪ್ಪಗಾದ ನೀರಿಗೆ ಗಾಳಿ ಕೂಡಬೇಕು. ಅದಕ್ಕ ಆಕಿ ಮಾಡಿದ್ದೇನಂದ್ರ, ತಗದ ಕಿಡಕಿ ಮುಂದ ನಿಂತು ಆ ನೀರನ್ನ ಒಂದು ಭಾಂಡಿಯಿಂದ ಇನ್ನೊಂದಕ್ಕ ಎತ್ತಿ ಸುರುವಿಸಿದ್ಲು, ನಾವು ಬಿಸಿ ಹಾಲು ಆರಸ್ತೀವಲ್ಲ ಹಂಗ. ಒಂದೊಂದು ಸಲಕ್ಕ ಅರ್ಧ-ಮುಕ್ಕಾಲು ತಾಸು. ಸುರುವಿದಾಕಿ ಆನಾ ಅಲ್ಲ, ಮನಿಕೆಲಸದ ಸಣ್ಣ ಹುಡುಗಿ. ಇದು ದಣಿಸೋ ಕೆಲಸ ಅಂತ ಆನಾಗೂ ಗೊತ್ತಿತ್ತು. ಆದ್ರ ಆ ಹುಡುಗಿಗೆ ಅದೊಂದು ಆಟಧಂಗ ಅನಸ್ತಿತ್ತು ಅಂತ ತನ್ನ ಲೇಖನದಾಗ ಬರದಾಳ. ಹುಡುಗಿಯನ್ನ ಕೇಳಿದ್ರ ಏನಂತಿದ್ಲೋ! ತುಂಬಿದ ಕೊಡಾ ಎತ್ತಿ ಮುಕ್ಕಾಲು ತಾಸು ಸುರುವಿ ನೋಡ್ರಿ, ರಟ್ಟಿ ಏನು ಹೇಳತದ ಗೊತ್ತಾಗತದ. ಯಾದ್ಯಾಗಿನ ಪಂಪು, ಅಲಿ ಎಬ್ಬಸೋ ಮಷೀನು ಅಂದ್ರ ಆ ಹುಡುಗಿಯ ರಟ್ಟಿ. ಇದನ್ನ ಮಾತ್ರ ಬಿಡೂ ಹಂಗಿಲ್ಲ.

ಮರುವರ್ಷ 1847ರಾಗ ಆನಾ ಸಮುದ್ರದ ಪಾಚಿ ತರಸಿ ಅದೇ ಬೋಗುಣಿಯೊಳಗ ಹಾಕಿ ನೋಡಿದ್ಲು. ಬೆಳಕಿನ್ಯಾಗ ಪಾಚಿ ಆಮ್ಲಜನಕ ಬಿಡತದ, ಪ್ರಾಣಿ ಬಿಟ್ಟ ಕೆಟ್ಟ ಗಾಳಿ ತಾನು ತಗೋತದ. ಸುರುವೋ ಕೆಲಸ ಹಗರಾತು. ಆಕಿ ಹವಳ ಮೂರು ವರ್ಷದ ಸುಮಾರು ಬದುಕಿ, ಮರಿನೂ ಹಾಕಿದವು. ಗಾಜಿನ ಮ್ಯಾಲಿದ್ದ ಭಾರೀ ಕರಾ ಇಂಗ್ಲಂಡಿನ್ಯಾಗ 1845ರಾಗಷ್ಟೇ ಹೋಗಿತ್ತು, ಹಿಂಗಾಗಿ ಗಾಜು ಸೋವಿ ಆಗಿ ಮುಂದ ಹತ್ತು ವರ್ಷದಾಗ ಮನಿಮನಿಗೆ ಈ ಹುಚ್ಚು ಹಬ್ಬಿತು. ಲಂಡನ್ನಿನ ಪ್ರಾಣಿಸಂಗ್ರಹಾಲಯದಾಗ 1853ರಾಗ ಮೀನಿನ ಮನಿ ತಗದ್ರು. 1854ರಾಗ ಫಿಲಿಪ್ ಹೆನ್ರಿ ಗಾಸ್ ಅನ್ನೋರು ಬರದ 'ದಿ ಅಕ್ವೇರಿಯಂ' ಪುಸ್ತಕ ಬಂದು, ಆ ಶಬ್ದಾನೂ ಎಲ್ಲಾರ ಬಾಯಾಗ ಕೂತಿತು. ಆನಾಳ ಟಿಪ್ಪಣಿ ಅಚ್ಚಾಗಿದ್ದು ಅದಕ್ಕೂ ಆಮ್ಯಾಲ, 1859ರಾಗ, ಅದೂ ಗಾಸ್ ಅವರ ಕೈಯಿಂದ.

ಗಾಸ್ ನಮ್ಮಂಥ ದೂರದ ಊರಿನವರಿಗೆ ಇನ್ನೊಂದು ಉಪಕಾರ ಮಾಡಿದ್ರು. ಮನ್ಯಾಗ ಸಮುದ್ರದ ನೀರು ಮಾಡೋ ಪ್ರಮಾಣ ಕೊಟ್ರು: ಅಡಗಿ ಉಪ್ಪು, ಎಪ್ಸಮ್ ಉಪ್ಪು, ಮ್ಯಾಗ್ನೀಷಿಯಂ ಕ್ಲೋರೈಡ್, ಪೊಟ್ಯಾಶಿಯಂ ಕ್ಲೋರೈಡ್, ಮ್ಯಾಲ ಸಿಹಿನೀರು. ಈಗ ಅಂಗಡ್ಯಾಗ ಸಿಗೋ ಸಮುದ್ರದ ಉಪ್ಪಿನ ಚೀಲ ಅದರ ಮೊಮ್ಮಗ ಇದ್ದಂಗ. ಕ್ಯಾಲ್ಸಿಯಂ ಮತ್ತ ಇನ್ನೂ ಹತ್ತಾರು ಪದಾರ್ಥ ಕೂಡಿರತಾವ. ಅದಕ್ಕ "ಉಪ್ಪಂದ್ರ ಉಪ್ಪು, ನಮ್ಮ ಡಬ್ಬಿದೇ ಹಾಕೂಣು" ಅನಬ್ಯಾಡ್ರಿ. ಒಂದು ಲೀಟರ್ ಸಮುದ್ರದ ನೀರಾಗ ಸುಮಾರು 35 ಗ್ರಾಂ ಉಪ್ಪು ಇರತದ. ಅದನ್ನ ಅಳಿಯೋ ಉಪಕರಣ, ಹಾಲಿಗೆ ಲ್ಯಾಕ್ಟೋಮೀಟರ್ ಇದ್ದಂಗ, ಯಾದ್ಯಾಗ ಇರಲೇಬೇಕು. ನೀರು ಆರಿಹೋದ್ರ ಉಪ್ಪು ಆರೂದಿಲ್ಲ. ಒಲಿ ಮ್ಯಾಲ ಮರತ ಸಾರು ಹೆಂಗ ಉಪ್ಪಾಗತದ, ತೊಟ್ಟಿನೂ ಹಂಗ. ಆರಿದಷ್ಟು ಸಿಹಿನೀರೇ ಹಾಕಬೇಕು, ಉಪ್ಪನೀರಲ್ಲ. ನಳದ ನೀರಾಗ ಕ್ಲೋರಿನ್ ಇರತದ, ಬೋರಿನ ನೀರಾಗ ಸುಣ್ಣ; ಆರ್.ಓ. ನೀರು ಛಲೋ. ಮತ್ತ ನಮ್ಮ ತಾಮ್ರದ ಕೊಡ, ಹಂಡೆ ಇದರ ಸನೇಕ ತರಬ್ಯಾಡ್ರಿ. ಹವಳ, ಸೀಗಡಿ, ಶಂಖದ ಜಾತಿಗೆ ತಾಮ್ರ ಅಂದ್ರ ವಿಷ. ಪ್ಲಾಸ್ಟಿಕ್ ಬಕೀಟು ಒಂದು ಇದಕ್ಕಂತ ಬ್ಯಾರೆ ಇಡ್ರಿ.

ಇನ್ನ ಗಾತ್ರದ ಮಾತು. ವಿಲಿಯಂ ಆಲ್‌ಫರ್ಡ್ ಲಾಯ್ಡ್ ಅನ್ನಾಂವ ಲಂಡನ್ನಿನ್ಯಾಗ ಸಮುದ್ರದ ನೀರು, ಪ್ರಾಣಿ ಮಾರೋ ಅಂಗಡಿ ಇಟ್ಟಿದ್ದ. ಮುಂದ 1871ರಾಗ ಕ್ರಿಸ್ಟಲ್ ಪ್ಯಾಲೇಸಿನ ಅಕ್ವೇರಿಯಂ ಕಟ್ಟೋ ಕೆಲಸ ಅಂವನ ಕೈಗೆ ಬಂತು. ಜನಾ ನೋಡೋ ತೊಟ್ಟಿಗಿಂತ ಎಷ್ಟೋ ಪಟ್ಟು ದೊಡ್ಡ ಟಾಕಿ ನೆಲದಡಿ ಕತ್ತಲಿಯೊಳಗ ಕಟ್ಟಿಸಿ, ಉಗಿಬಂಡಿ ಎಂಜಿನ್ನಿನಂಥ ಯಂತ್ರದಿಂದ ನೀರು ಮ್ಯಾಲ-ಕೆಳಗ ತಿರುಗಿಸಿದ. ಭಾಳ ನೀರಿದ್ರ ಶಾಖ, ಹೊಲಸು, ಉಪ್ಪು ಯಾವುದೂ ಲಗೂನ ಏರಿಳಿಯೂದಿಲ್ಲ ಅನ್ನೋದು ಅಂವನ ಲೆಕ್ಕ. ಈಗ ತೊಟ್ಟಿ ಕೆಳಗ ಕಪಾಟಿನ್ಯಾಗ ಇಡೋ ಟಾಕಿ ಅದೇ ವಿಚಾರದ್ದು. ಹಿಂಗಾಗಿ "ಮೊದಲನೇ ಸಲ, ಸಣ್ಣದು ಸಾಕು" ಅನ್ನೋ ಮಾತು ಸಿಹಿನೀರಿಗೆ ಒಪ್ಪಬಹುದು, ಉಪ್ಪನೀರಿಗೆ ಒಪ್ಪೂದಿಲ್ಲ. ಸಣ್ಣ ಬೋಗುಣಿ ನೀರು ಒಂದೇ ಮಧ್ಯಾಹ್ನದಾಗ ಕೆಡತದ. ಮೂರು ಫೂಟು ಉದ್ದ, ಒಂದೂವರಿ ಫೂಟು ಅಗಲ, ಒಂದೂವರಿ ಫೂಟು ಎತ್ತರದ್ದು ಹೊಸಬರಿಗೆ ಹದಾ ಆಗತದ. ಪೂರ್ತಿ ತುಂಬಿದ್ರ 190 ಲೀಟರ್ ಸುಮಾರು. ಉಪ್ಪೇ ಆರೂವರಿ-ಏಳು ಕಿಲೋ ಬೇಕು, ಗಾಜು ಕಲ್ಲು ಹಿಡದು ಭಾರ 200 ಕಿಲೋ ಮೀರತದ. ಟೀವಿ ಟೇಬಲ್ ಮ್ಯಾಲ ಇಡೋ ಸಾಮಾನಲ್ಲ ಇದು. ಹಳೇ ಕಾಲದ ತೊಟ್ಟಿಗೆ ಕಬ್ಬಿಣದ ಚೌಕಟ್ಟು ಇರತಿತ್ತು, ಉಪ್ಪಿಗೆ ತುಕ್ಕು ಹಿಡೀತಿತ್ತು. 1960ರ ದಶಕದಾಗ ಸಿಲಿಕೋನ್ ಅಂಟು ಬಂದಮ್ಯಾಲ ಬರೇ ಗಾಜಿನ ತೊಟ್ಟಿ ಬಂದವು. ಸಾದಾ ಗಾಜಿಂದೇ ತಗೋರಿ.

ಕಲ್ಲಿನ ಕತಿ ಇನ್ನೂ ಮಜಾ ಅದ. ನೀರು ಗಾಜಿನಂಗ ತಿಳಿ ಇದ್ರೂ ಮೀನು ಯಾಕ ಸಾಯ್ತಾವ ಅಂತ ಭಾಳ ವರ್ಷ ಯಾರಿಗೂ ಪೂರಾ ತಿಳೀತಿರಲಿಲ್ಲ. ಮೀನಿನ ಹೇಲು-ಉಚ್ಚಿಯಿಂದ, ಉಳದ ತಿನಿಸಿನಿಂದ ಅಮೋನಿಯಾ ಆಗತದ, ಅದು ಕಣ್ಣಿಗೆ ಕಾಣೂದಿಲ್ಲ. 1890ರ ಸುಮಾರಿಗೆ ಸೆರ್ಗೇಯ್ ವಿನೊಗ್ರಾದ್‌ಸ್ಕಿ ಅನ್ನೋ ರಷ್ಯಾದ ವಿಜ್ಞಾನಿ, ಅಮೋನಿಯಾವನ್ನ ನೈಟ್ರೈಟ್ ಮಾಡೋ ಸೂಕ್ಷ್ಮಜೀವಿ ಬ್ಯಾರೆ, ನೈಟ್ರೈಟನ್ನ ನೈಟ್ರೇಟ್ ಮಾಡೋದು ಬ್ಯಾರೆ ಅಂತ ತೋರಿಸಿದ್ರು. ಮೊದಲಿನ ಎರಡು ಮೀನಿಗೆ ವಿಷ, ಮೂರನೇದು ಅಷ್ಟಿಲ್ಲ. ಈ ಸೂಕ್ಷ್ಮಜೀವಿಗೆ ಮನಿ ಬೇಕು. 1961ರಾಗ ಜಕಾರ್ತಾದ ಲೀ ಚಿನ್ ಎಂಗ್ ಅನ್ನಾಂವ ತನ್ನ ಪದ್ಧತಿ ಬರದು ಹೇಳಿದ: ಸಮುದ್ರದ ತೂತು ತೂತಿನ ಜೀವಂತ ಕಲ್ಲು, ಗಾಳಿ ಗುಳ್ಳಿ, ಬಿಸಲು. ಅಷ್ಟರಾಗೇ ಅಂವನ ತೊಟ್ಟಿ ನಡೀತಿತ್ತು. ಮುಂದ ಜರ್ಮನಿಯವರು ಅದಕ್ಕ ನೊರಿ ತಗಿಯೋ ಸ್ಕಿಮ್ಮರ್ ಕೂಡಿಸಿದ್ರು. ಸಕ್ಕರಿ ಪಾಕದ ಮ್ಯಾಲಿನ ಹೊಲಸ ನೊರಿ ಸವಟಿಲೆ ತಗೀತೀವಲ್ಲ, ಹಂಗ ಇದು ಸಣ್ಣ ಗುಳ್ಳಿ ಎಬ್ಬಿಸಿ ನೀರಿನ ಜಿಡ್ಡು-ಹೊಲಸು ನೊರಿಯಾಗಿ ಹೊರಗ ಹಾಕತದ. ಎರಡೇ ಮೀನಿದ್ದು ವಾರಾ ವಾರಾ ಹತ್ತರಾಗ ಒಂದು ಪಾಲು ನೀರು ಬದಲಿ ಮಾಡ್ತೀರಂದ್ರ ಸ್ಕಿಮ್ಮರ್ ಮುಂದ ತಗೋಬಹುದು. ಕಲ್ಲು ಮಾತ್ರ ಮೊದಲ ದಿನಾನ ಬೇಕು.

ಆ ಸೂಕ್ಷ್ಮಜೀವಿ ಕೂತು ಬೆಳೀಲಿಕ್ಕೆ ನಾಕರಿಂದ ಆರು ವಾರ ಬೇಕು. ದ್ವಾಸಿ ಹಿಟ್ಟು ಹುದಗೋ ಮುಂಚೆ ಹಂಚಿಗೆ ಹಾಕಿದ್ರ ಏನಾಗತದ, ನಿಮಗ ಹೇಳಬೇಕಿಲ್ಲ. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಪರೀಕ್ಷಾ ಮಾಡೋ ಕಿಟ್ಟು ಅಂಗಡಿಯವರ ಯಾದ್ಯಾಗ ಇಲ್ಲ, ನಾನ ಸೇರಿಸೀನಿ. ಮೊದಲಿನ ಎರಡು ಸೊನ್ನಿಗೆ ಬರೋತನಕ ಮೀನು ತರಬಾರದು. ತೊಟ್ಟಿ ಮತ್ತು ಮೀನು ಒಂದೇ ದಿನ ಮಾರೋ ಅಂಗಡಿ ಬಿಟ್ಟುಬಿಡ್ರಿ.

ನಮ್ಮ ದೇಶದಾಗೂ ಈ ಕತಿ ಹಳೇದೇ. ಮದ್ರಾಸಿನ ಮರೀನಾ ದಂಡಿಗೆ 1909ರಾಗ ಅಕ್ವೇರಿಯಂ ಸುರು ಆತು. ಮುಂಬಯಿಯ ತಾರಾಪೋರವಾಲಾ ಅಕ್ವೇರಿಯಂ 1951ರದ್ದು. ಮುಂಬಯಿಗೆ ಹೋದವರೊಳಗ ಭಾಳ ಮಂದಿ ನೋಡೀರಿ. ಎರಡೂ ಸಮುದ್ರದ ದಂಡಿಗೇ ಇದ್ದವು, ದೂರದ ಊರಿನ ತೊಂದ್ರಿ ಅವಕ್ಕಿರಲಿಲ್ಲ.

ಇಲ್ಲಿ ಒಂದು ಗಂಭೀರ ಮಾತು. ಇಂಗ್ಲಂಡಿನ್ಯಾಗ ಗಾಸ್ ಪುಸ್ತಕ ಓದಿದ ಜನಾ ಬುಟ್ಟಿ ಹಿಡಕೊಂಡು ಸಮುದ್ರಕ್ಕ ನುಗ್ಗಿದ್ರು. ಬಂಡಿಗಲ್ಲಿನ ಸಂದಿಯ ಕೊಳಗಳು ಖಾಲಿ ಆಗಿ ಹೋದವು ಅಂತ ಅವರ ಮಗ ಎಡ್ಮಂಡ್ 1907ರ ತನ್ನ ಪುಸ್ತಕದಾಗ ನೊಂದು ಬರದಾನ. ಅಪ್ಪ ಪ್ರೀತಿಯಿಂದ ತೋರಿಸಿದ್ದೇ ಆ ದಂಡಿಗೆ ಮುಳುವಾತು. ನಮ್ಮಲ್ಲಿ 1972ರ ವನ್ಯಜೀವಿ ಕಾಯದಿಯೊಳಗ ಗಟ್ಟಿ ಹವಳ, ಕಡಲ ಕುದುರಿ ಎಲ್ಲಾ ರಕ್ಷಣೆಗೆ ಸೇರ್ಯಾವ. ಮಾರೂ ಹಂಗಿಲ್ಲ, ಕೊಳ್ಳೂ ಹಂಗಿಲ್ಲ. ಕಾರವಾರಕ್ಕ ಹೋದಾಗ ಕಲ್ಲು-ಹವಳ ಆರಿಸಿಕೊಂಡು ಬರೂದು ಬ್ಯಾಡ. ಮನುಷ್ಯರು ಮಾಡಿದ ತೂತಿನ ಕಲ್ಲು ಸಿಗತದ, ಅದನ್ನ ತಗೋರಿ. ಹವಳ ಇಲ್ಲಂದ್ರ ತುಟ್ಟಿ ದೀಪಾನೂ ಬ್ಯಾಡ. ಆ ದೀಪ ಇರೋದೇ ಹವಳದ ಮೈಯೊಳಗಿನ ಪಾಚಿಗೆ. ಮೀನಿಗೆ ಸಾದಾ ದೀಪ ಸಾಕು. ಯಾದ್ಯಾಗ ಅಷ್ಟು ರೊಕ್ಕಾ ಉಳೀತು. ಪಟ್ಟಿ ಮೀನನ್ನ ತೊಟ್ಟಿಯೊಳಗೇ ಮರಿ ಮಾಡಿಸೋ ವಿದ್ಯಾ ನಮ್ಮ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಬೆಳಿಸ್ಯಾರ. ಅದಕ್ಕ "ಸಮುದ್ರದಿಂದ ಹಿಡದದ್ದೋ, ಸಾಕಿದ ಮರಿಯೋ" ಅಂತ ಕೇಳೇ ತಗೋರಿ. ಸಾಕಿದ ಮರಿ ತೊಟ್ಟಿಗೆ ಲಗೂ ಹೊಂದಿಕೊಳ್ಳತದ.

ಹೀಟರ್ ಬಗ್ಗೆ ಕೇಳೀರಿ. ಈ ಮೀನಿಗೆ 24ರಿಂದ 27 ಡಿಗ್ರಿ ಹಿತ. ನಮ್ಮ ಕಡೆ ಥಂಡಿ ರಾತ್ರಿಗೆ ಸಣ್ಣ ಹೀಟರ್ ಬೇಕು, ಆದ್ರ ದೊಡ್ಡ ತ್ರಾಸು ಬ್ಯಾಸಗಿದು. ತೊಟ್ಟಿ ಬಿಸಲಿಗೆ ಇಡಬ್ಯಾಡ್ರಿ, ನೀರಿನ ಮ್ಯಾಲ ಗಾಳಿ ಬೀಸೋ ಸಣ್ಣ ಫ್ಯಾನ್ ಹಾಕ್ರಿ. ಕರೆಂಟ್ ಹೋದಾಗ ನಡಿಯೋ ಬ್ಯಾಟರಿ ಗಾಳಿ ಪಂಪು ಒಂದು ಇರಲಿ. ಇಲ್ಲಂದ್ರ ರಾತ್ರಿ ಎರಡಕ್ಕ ಬಕೀಟು ಹಿಡಕೊಂಡು ನೀರು ಸುರುವೋ ಪಾಳಿ ನಿಮ್ಮದ.

ಈಗ ನನ್ನ ಯಾದಿ ಕೇಳ್ರಿ. ಮೊದಲು ತೊಟ್ಟಿ ಮತ್ತ ಗಟ್ಟಿ ಸ್ಟ್ಯಾಂಡು, ಅಲಿ ಎಬ್ಬಸೋ ಪಂಪು, ಕಲ್ಲು, ಉಪ್ಪು, ಅಳಿಯೋ ಉಪಕರಣ, ಪರೀಕ್ಷಾ ಕಿಟ್ಟು, ಆರ್.ಓ. ನೀರು, ಹೀಟರ್, ಫ್ಯಾನು, ಬ್ಯಾಟರಿ ಪಂಪು. ಆಮ್ಯಾಲ ರೊಕ್ಕಾ ಇದ್ರ ಸ್ಕಿಮ್ಮರ್, ಕೆಳಗಿನ ಟಾಕಿ. ತುಟ್ಟಿ ದೀಪ ತಗದು ಹಾಕ್ರಿ.

ಆದ್ರ ಮಷೀನು ರಟ್ಟಿ ಕೆಲಸ ಎಲ್ಲಾ ಮಾಡೂದಿಲ್ಲ. ದಿನಾ ಆರಿದ ನೀರು ತುಂಬೂದು, ತಿನಿಸು ಹಾಕೂದು, ವಾರಕ್ಕೊಮ್ಮೆ ಸುಮಾರು 20 ಲೀಟರ್ ನೀರು ತಗದು ಹೊಸಾದು ಕಲಸಿ ಹಾಕೂದು, ಗಾಜು ಒರಸೂದು ಉಳದೇ ಉಳೀತದ. ಪರೀಕ್ಷಾ ಬಂತು, ಟ್ಯೂಶನ್ ಬಂತು ಅಂದಕೂಡ್ಲೆ ಅದು ಯಾರ ಕೊಳ್ಳಿಗೆ ಬೀಳತದ ಅಂತ ನಾವೆಲ್ಲಾ ಬಲ್ಲೀವಿ. ಅದಕ್ಕ ರೊಕ್ಕಾ ಕೊಡೋ ಮುಂಚೆ ಈ ನಾಕೂ ಕೆಲಸ ಒಂದು ಹಾಳ್ಯಾಗ ಬರೀರಿ, ಒಂದೊಂದರ ಮುಂದ ಹುಡುಗರ ಕಡಿಂದ, ಅವರಪ್ಪನ ಕಡಿಂದ ಹೆಸರು ಬರಸ್ರಿ. ಹೆಸರು ಬೀಳಲಿಲ್ಲಂದ್ರ ತೊಟ್ಟಿ ಬ್ಯಾಡ. ಅದೇ ರೊಕ್ಕದಾಗ ಕಾರವಾರಕ್ಕ ಹೋಗಿ ಇಳತದ ಹೊತ್ತಿನ್ಯಾಗ ಕಲ್ಲಸಂದಿ ನೋಡಿ, ಏನೂ ಮುಟ್ಟದ ಬರ್ರಿ. ಲಂಡನ್ನಿನ ಆ ಮನ್ಯಾಗ ನೀರು ಸುರುವಿ ಹವಳ ಉಳಿಸಿದ ಹುಡುಗಿ ಹೆಸರು ಆನಾ ಬರದ ಲೇಖನದಾಗೂ ಇಲ್ಲ. ನಿಮ್ಮ ಮನಿ ಹಾಳ್ಯಾಗರ ಕೆಲಸಾ ಮಾಡೋರ ಹೆಸರು ಇರಲಿ.